ಬಲಗಡೆಯ ಸೀಟು

ಏಳನೇ ಕ್ಲಾಸಿನ ಪರೀಕ್ಷೆ ಶುರುವಾದ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟೆ. ಆಮೇಲೆ ಊರೂರು ಅಲೆಯುತ್ತಾ ಹಳೇ ಕಾರು ರಿಪೇರಿ ಮಾಡುವುದೇ ಬದುಕಾಯಿತು.

ಶ್ರೀನಿವಾಸಪುರದಲ್ಲಿ, ತೀರಿಕೊಂಡಿದ್ದ ಮಾವಿನ ವ್ಯಾಪಾರಿಯೊಬ್ಬರ ಭಾರೀ ಇಂಜಿನ್ನಿನ ಹಳೇ ಅಮೆರಿಕನ್ ಮಸಲ್ ಕಾರಿಗೆ ಜೀವ ತುಂಬಿದೆ. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ಹಾಕು ಅಂದಿದ್ದ ಅವರ ಮಗ. ಅದಕ್ಕೆ ಮೊದಲು ಒಂದು ರೌಂಡ್ ಹೋಗೋಣವೆಂದು ಅವನ ತಾಯಿ ಬಲಗಡೆ ಕೂತರು.

ಕೋಲಾರದ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಲಾರಿಯೊಂದು ಅಡ್ಡವಾಗಿ, ಎಡಗಡೆ ಕೂತಿದ್ದ ನನಗೆ ಎದುರಿನದೇನೂ ಕಾಣಲಿಲ್ಲ. ಆಕೆ ಕಿಟಕಿಯಿಂದ ಬಗ್ಗಿ ನೋಡಿ, "ತಾಳು, ಬಸ್ಸು ಬರ್ತಿದೆ... ಹಾಂ, ಈಗ ಹೋಗಪ್ಪ," ಅಂದರು. ಲಾರಿ ದಾಟಿದೆವು.

"ನಾನು ಹೇಳದೆ ನಮ್ಮ ಯಜಮಾನರು ಒಂದು ಲಾರೀನೂ ದಾಟಿದೋರಲ್ಲ. ಸ್ಟಿಯರಿಂಗ್ ಈ ಕಡೆ ಬಂದ್ರೆ ನನಗೇನಪ್ಪಾ ಕೆಲಸ?"

ಮನೆಗೆ ಮರಳಿ, "ಈ ಗಾಡೀಲಿ ಸ್ಟಿಯರಿಂಗ್ ಬದಲಾಯಿಸೋಕೆ ಆಗೋದೇ ಇಲ್ಲ ಸಾರ್," ಎಂದು ಮಗನಿಗೆ ಸುಳ್ಳು ಹೇಳಿ ಸ್ಪ್ಯಾನರ್ ಚೀಲ ಕಟ್ಟಿದೆ. ತಾಯಿ ಗೇಟಿನಾಚೆ ಎರಡೂ ಕಡೆ ನೋಡಿ, "ಈಗ ಹೋಗಪ್ಪ," ಅಂದರು. ನಾನು ಮನೆ ಬಿಟ್ಟ ಆ ಸೋಮವಾರ ಹಾಗೆ ನೋಡಿ ಹೇಳುವವರು ಯಾರೂ ಇರಲಿಲ್ಲ.