ಕಲ್ಪನಾಬೆನ್ ಅವರ ಒಂದು ಪಾಯಿಂಟ್

ಮೊನ್ನೆ ಒಂದು ಬೆಳಿಗ್ಗೆ ನಾನು ನನ್ನ ಎದುರುಮನೆಯವರನ್ನು ಹಿಂಬಾಲಿಸಿಕೊಂಡು ಹೋದೆ. ಸ್ಕೂಟರಿನಲ್ಲಿ. ಮುಖಕ್ಕೆಲ್ಲ ದುಪಟ್ಟಾ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು. ಐವತ್ತೆರಡು ವರ್ಷದ ಹೆಂಗಸು, ವಿಮೆ ಕಚೇರಿಯಲ್ಲಿ ಜವಾಬ್ದಾರಿಯ ಕೆಲಸ, ಕಾಲೇಜಿಗೆ ಹೋಗುವ ಮಗಳು. ಮಾಡುವ ಕೆಲಸವಾ ಇದು?

ಅಲ್ಲ. ಆದರೆ ಹೊಟ್ಟೆಕಿಚ್ಚು ಬಂದಾಗ ವಯಸ್ಸು, ಪ್ರಮೋಷನ್ ಯಾವುದೂ ನೆನಪಿರುವುದಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ ಬಿಡಿ.

ದಾವಣಗೆರೆಯಿಂದ ವರ್ಗವಾಗಿ ಸೂರತ್‌ಗೆ ಬಂದಾಗಿನಿಂದ ನಾವು ಅಡಾಜಣ್‌ನ ಇದೇ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಎದುರು ಬಾಗಿಲು ಕಲ್ಪನಾಬೆನ್ ಅವರದ್ದು. ನನಗಿಂತ ನಾಲ್ಕು ವರ್ಷ ದೊಡ್ಡವರು, ನೋಡಿದರೆ ಎಂಟು ವರ್ಷ ಚಿಕ್ಕವರು (ಇದು ಮೊದಲ ಅನ್ಯಾಯ). ಪಾಂಡೇಸರಾದ ಒಂದು ಪ್ರಿಂಟಿಂಗ್ ಮಿಲ್ಲಿನಲ್ಲಿ ಸೀರೆಗಳ ಸ್ಯಾಂಪಲ್ ನೋಡಿಕೊಳ್ಳುವ ಕೆಲಸ. ಅವರ ಬಾಲ್ಕನಿಯ ಕಾಗದದ ಹೂವಿನ ಬಳ್ಳಿ ಮೈತುಂಬ ಹೂ ಬಿಡುತ್ತದೆ. ಅದೇ ನರ್ಸರಿ, ಅದೇ ಬಿಸಿಲು, ನನ್ನದರಲ್ಲಿ ಬರೀ ಎಲೆ. ಅವರು ಕೊಟ್ಟ ಕಡಲೆಹಿಟ್ಟಿನ ಖಾಂಡ್ವಿಯನ್ನು ನನ್ನ ಗಂಡ ತಟ್ಟೆಯ ಅಂಚನ್ನೂ ಬಿಡದೆ ತಿನ್ನುತ್ತಾರೆ. ನಾನು ಮಾಡಿದ ಮಂಡಕ್ಕಿ ಉಸುಳಿಗೆ ಮಾತ್ರ "ಖಾರ ಒಂಚೂರು ಕಮ್ಮಿ ಆತು ನೋಡು" ಎಂಬ ವರದಿ.

ಇದನ್ನೆಲ್ಲ ನುಂಗಿಕೊಂಡು ನಾನು ಆರಾಮಾಗಿಯೇ ಇದ್ದೆ. ಪಾಯಿಂಟ್ ಬರುವ ತನಕ.

ತಪ್ಪು ಮಾಡಿದವರ ಡ್ರೈವಿಂಗ್ ಲೈಸೆನ್ಸಿಗೆ ಪಾಯಿಂಟ್ ಹಾಕುತ್ತಾರೆ, ಇಂತಿಷ್ಟು ಆದಮೇಲೆ ಲೈಸೆನ್ಸ್ ಅಮಾನತು ಮಾಡುತ್ತಾರೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದಲ್ಲ? ಅದನ್ನು ಓದಿದ ನಮ್ಮ ಸೊಸೈಟಿಯ ಸೆಕ್ರೆಟರಿ ಭರತ್‌ಭಾಯಿ ಅವರಿಗೆ ಒಂದು ಐಡಿಯಾ ಹೊಳೆಯಿತು. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು. ರಿಜಿಸ್ಟರ್, ಬೋರ್ಡು, ಸೀಲು ಅಂದರೆ ಪ್ರಾಣ. "ಸರ್ಕಾರ ತರುವಾಗ ತರಲಿ, ನಾವು ಈಗಲೇ ಪ್ರಾಕ್ಟೀಸ್ ಮಾಡೋಣ" ಅಂದರು. ಲಿಫ್ಟ್ ಪಕ್ಕದಲ್ಲಿ ಒಂದು ಬಿಳಿ ಬೋರ್ಡ್ ಬಂತು. ಗಾಡಿ ಓಡಿಸುವ ಎಲ್ಲರ ಹೆಸರೂ ಅದರ ಮೇಲೆ. ತಿಂಗಳ ಕೊನೆಯ ಭಾನುವಾರ ಎಲ್ಲರೂ ಮೊಬೈಲಿನಲ್ಲಿ ತಮ್ಮ ಗಾಡಿಗೆ ಬಂದ ದಂಡದ ಚಲನ್ ತೆಗೆದು ತೋರಿಸಬೇಕು. ಒಂದು ಚಲನ್, ಒಂದು ಪಾಯಿಂಟ್. ಅತಿ ಕಡಿಮೆ ಪಾಯಿಂಟ್ ಇದ್ದವರಿಗೆ ಮುಂದಿನ ತಿಂಗಳು ಪೂರ್ತಿ ಲಿಫ್ಟ್ ಪಕ್ಕದ ನೆರಳಿನ ಪಾರ್ಕಿಂಗ್.

ಸೂರತ್‌ನ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಸ್ಕೂಟರಿನ ಸೀಟಿನ ಮೇಲೆ ಕೂತವರಿಗೆ ಮಾತ್ರ ನೆರಳಿನ ಬೆಲೆ ಗೊತ್ತು.

ಮೊದಲ ತಿಂಗಳು ನನಗೆ ಎರಡು ಪಾಯಿಂಟ್. ಒಂದು, ಸ್ಟಾಪ್ ಲೈನ್ ದಾಟಿ ನಿಂತಿದ್ದಕ್ಕೆ. ಚಕ್ರ ಒಂದು ಗೇಣು ಮುಂದಿತ್ತು, ಅಷ್ಟೇ! ಇನ್ನೊಂದು, ಹೆಲ್ಮೆಟ್ ತಲೆಯ ಮೇಲಿರದೆ ಹ್ಯಾಂಡಲ್ಲಿಗೆ ನೇತಾಡುತ್ತಿದ್ದದ್ದಕ್ಕೆ. ಫೋಟೋದಲ್ಲಿ ನನ್ನ ಮುಖ ನೋಡಬೇಕಿತ್ತು ನೀವು. ಕಲ್ಪನಾಬೆನ್ ಅವರಿಗೆ ಸೊನ್ನೆ. ಎರಡನೇ ತಿಂಗಳು ನನಗೆ ಒಂದು. ಅವರಿಗೆ ಮತ್ತೆ ಸೊನ್ನೆ. ಎರಡು ತಿಂಗಳೂ ಅವರ ಹಳೇ ಮೊಪೆಡ್ ನೆರಳಿನಲ್ಲಿ, ನನ್ನ ಹೊಸ ಸ್ಕೂಟರ್ ಬಿಸಿಲಿನಲ್ಲಿ.

"ಅವ್ರ ಹತ್ರ ಸ್ವಲ್ಪ ಕಲ್ತ್ಕೊಳ್ಳೇ" ಅಂದರು ಗಂಡ. ಈ ಮನುಷ್ಯ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಾರೆ. ಅವರ ಲೈಸೆನ್ಸ್ ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕ ಮಲಗಿದೆ.

ನನಗೆ ಥಟ್ಟನೆ ಹೊಳೆಯಿತು. "ರೀ, ನಾಳೆ ನಿಜವಾಗ್ಲೂ ಸರ್ಕಾರ ಪಾಯಿಂಟ್ ಹಾಕಿದ್ರೆ, ಗಾಡಿ ಓಡಿಸಿದ್ದು ನೀವು ಅಂತ ಹೇಳಿಬಿಡ್ತೀನಿ. ನಿಮ್ ಲೈಸೆನ್ಸ್ ಹೆಂಗೂ ಸುಮ್ನೆ ಬಿದ್ದೈತಲ್ಲ."

"ದುಪಟ್ಟಾ ಸುತ್ಕೊಂಡು ನಾನು ಓಡಿಸ್ತಿದ್ದೆ ಅಂತೀಯಾ?"

ಮಗಳು ಫೋನಿನಿಂದ ತಲೆ ಎತ್ತದೆ ತೀರ್ಪು ಕೊಟ್ಟಳು: "ಮಮ್ಮಿ, ಯು ಆರ್ ಜಸ್ಟ್ ಜೆಲಸ್. ಕಲ್ಪನಾ ಆಂಟಿ ಈಸ್ ಸೋ ಸಾರಾ." ಸಾರಾ ಅಂದರೆ ಗುಜರಾತಿಯಲ್ಲಿ ಒಳ್ಳೆಯವರು. ಇವಳ ಕನ್ನಡ ಸೂರತ್‌ನಲ್ಲಿ ಎಲ್ಲೋ ಬಿದ್ದುಹೋಗಿದೆ, ಆದರೆ ನನ್ನನ್ನು ಚುಚ್ಚಲು ಯಾವ ಭಾಷೆಯಾದರೂ ಸಾಕು.

ಜೆಲಸ್ಸಾ? ಹೌದು, ಜೆಲಸ್ಸೇ. ಈ ಊರಿನಲ್ಲಿ ಗಾಡಿ ಓಡಿಸಿ ಸೊನ್ನೆ ಪಾಯಿಂಟ್ ತೆಗೆದುಕೊಳ್ಳಲು ಯಾರಿಗಾದರೂ ಸಾಧ್ಯವಾ? ಕ್ಯಾಮೆರಾ ಕಂಬ ಕಂಡರೆ ಎಲ್ಲರೂ ಸಾಧುಗಳು. ಬ್ರೇಕ್ ಹಾಕುತ್ತಾರೆ, ಲೈನಿನ ಹಿಂದೆ ನಿಲ್ಲುತ್ತಾರೆ, ಹೆಲ್ಮೆಟ್ ಕ್ಲಿಪ್ ಮುಟ್ಟಿ ನೋಡಿಕೊಳ್ಳುತ್ತಾರೆ. ಕಂಬ ದಾಟಿದ ಮರುಕ್ಷಣ ಡಿವೈಡರಿನಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿ ನುಗ್ಗುತ್ತಾರೆ. ನಾನೂ ನುಗ್ಗುತ್ತೇನೆ. ಹಾಗಾದರೆ ಕಲ್ಪನಾಬೆನ್ ಅವರೂ ಕ್ಯಾಮೆರಾ ಇಲ್ಲದ ಕಡೆ ನುಗ್ಗುತ್ತಿರಲೇಬೇಕು. ಅದನ್ನು ಯಾರೂ ನೋಡಿಲ್ಲ, ಅಷ್ಟೇ. ನಾನು ನೋಡಬೇಕು. ನೋಡಿ, ವಿಡಿಯೋ ಮಾಡಿ, ಭರತ್‌ಭಾಯಿಗೆ ಕಳಿಸಬೇಕು. ಇದು ನನ್ನ ಪ್ಲಾನ್.

ನಮ್ಮಿಬ್ಬರ ದಾರಿ ಒಂದೇ. ತಾಪಿ ನದಿಯ ಸೇತುವೆ ದಾಟಿ ಪಾಂಡೇಸರಾ ಕಡೆಗೆ. ಇಲ್ಲಿ ಬಿಸಿಲಿಗೆ ಹೆಂಗಸರೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿ, ಮೊಣಕೈವರೆಗೆ ಗ್ಲೌಸ್ ಹಾಕಿ, ಮೇಲೆ ಹೆಲ್ಮೆಟ್ ಇಡುತ್ತಾರೆ. ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಪತ್ತೇದಾರಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲ. ಅವರ ಹಳದಿ ದುಪಟ್ಟಾದ ಮೇಲೆ ಕಣ್ಣಿಟ್ಟು ನಾನು ಹೊರಟೆ.

ಅಯ್ಯೋ, ಏನು ಹೇಳಲಿ. ಆಯಮ್ಮ ಪ್ರತಿ ಸಿಗ್ನಲ್ಲಿನಲ್ಲೂ ನಿಂತರು. ಕ್ಯಾಮೆರಾ ಇದ್ದಲ್ಲೂ ನಿಂತರು, ಇಲ್ಲದ ಕಡೆಯೂ ನಿಂತರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು, ಇವರು ಅಲುಗಾಡಲಿಲ್ಲ. ತಿರುಗುವ ಮೊದಲು ಕನ್ನಡಿ ನೋಡುತ್ತಾರೆ! ಸ್ಕೂಟರಿನ ಕನ್ನಡಿ ಇರುವುದು ಲಿಪ್‌ಸ್ಟಿಕ್ ಸರಿಮಾಡಿಕೊಳ್ಳಲು ಅಂತ ನಾನು ತಿಳಿದಿದ್ದೆ. ಒಂದೊಂದು ಸಿಗ್ನಲ್ ದಾಟಿದ ಹಾಗೂ ನನ್ನ ಸಿಟ್ಟು ಏರುತ್ತಾ ಹೋಯಿತು. ಒಂದು ತಪ್ಪು, ಒಂದೇ ಒಂದು ತಪ್ಪು ಮಾಡಬಾರದಾ?

ಪಾಂಡೇಸರಾ ಹತ್ತಿರ ಡಿವೈಡರ್ ಒಡೆದು ಮಾಡಿದ ಒಂದು ಸಂದಿದೆ. ಮಿಲ್ಲಿಗೆ ಹೋಗುವ ಅರ್ಧ ಜನ ಅಲ್ಲಿಂದಲೇ ರಾಂಗ್ ಸೈಡಿಗೆ ನುಗ್ಗುವುದು. ಅಲ್ಲಿ ನುಗ್ಗಿದರೆ ಕಲ್ಪನಾಬೆನ್ ಅವರ ಮಿಲ್ಲಿನ ಗೇಟು ಇಲ್ಲೇ. ಇಲ್ಲವಾದರೆ ಮುಂದಿನ ಸರ್ಕಲ್ಲಿನವರೆಗೆ ಹೋಗಿ ತಿರುಗಿ ಬರಬೇಕು. ಸಂದು ಬಂತು. ಹಳದಿ ದುಪಟ್ಟಾ ನಿಧಾನವಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಮೊಬೈಲ್ ಹೊರತೆಗೆದೆ. ಆದರೆ ಅವರು ನಿಧಾನ ಮಾಡಿದ್ದು ರಸ್ತೆಯ ಉಬ್ಬಿಗೆ. ದಾಟಿ, ನೇರ ಸರ್ಕಲ್ ಕಡೆಗೆ ಹೋಗಿಬಿಟ್ಟರು.

ಹೊಟ್ಟೆಗೆ ಬೆಂಕಿ ಬಿತ್ತು. ಒಂದೇ ಕೈಯಲ್ಲಿ ಆಕ್ಸಿಲರೇಟರ್ ತಿರುಗಿಸಿದೆ. ಇನ್ನೊಂದು ಕೈ ಮೊಬೈಲನ್ನು ಬ್ಯಾಗಿಗೆ ತುರುಕುತ್ತಿತ್ತು. ಕಣ್ಣು ಬ್ಯಾಗಿನ ಮೇಲೆ.

ಅದೇ ಸಂದಿನಿಂದ ನಡೆದು ರಸ್ತೆ ದಾಟುತ್ತಿದ್ದ ಹೆಂಗಸಿಗೆ ನನ್ನ ಹ್ಯಾಂಡಲ್ ತಗಲಿತು. ಆಕೆ ಬಿದ್ದಳು. ಟಿಫಿನ್ ಡಬ್ಬಿ ಉರುಳಿ ಅನ್ನವೆಲ್ಲ ರಸ್ತೆಗೆ ಚೆಲ್ಲಿತು.

ನಾನು ನಿಂತೆ. ಹತ್ತು ಮಾರು ಮುಂದೆ ಹೋಗಿ ನಿಂತೆ. ಕಾಲು ನೆಲಕ್ಕೆ ಊರಿದ್ದೆ, ಆದರೆ ಇಳಿಯಲಿಲ್ಲ. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ? ಆಗ ತಲೆಯಲ್ಲಿ ಬಂದ ಮೊದಲ ಯೋಚನೆ, ಇಲ್ಲಿ ಕ್ಯಾಮೆರಾ ಇದೆಯಾ ಅಂತ. ಸುತ್ತ ನೋಡಿದೆ. ಇರಲಿಲ್ಲ.

ಅಷ್ಟರಲ್ಲಿ ಸರ್ಕಲ್ ಕಡೆಯಿಂದ, ಎದುರು ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಮಾಡುತ್ತಾ, ರಾಂಗ್ ಸೈಡಿನಲ್ಲಿ ಒಂದು ಮೊಪೆಡ್ ಬಂತು. ಹಳದಿ ದುಪಟ್ಟಾ. ನನ್ನ ಪಕ್ಕದಲ್ಲೇ ಹಾದುಹೋಗಿ, ಬಿದ್ದವಳ ಹತ್ತಿರ ಗಾಡಿ ಅಡ್ಡ ನಿಲ್ಲಿಸಿ, ರಸ್ತೆಯಲ್ಲೇ ಕೂತು ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿತು.

ನಾನು ಆಮೇಲೆ ಸ್ಕೂಟರ್ ಬದಿಗಿಟ್ಟು, ದುಪಟ್ಟಾ ಬಿಚ್ಚಿ, ಈಗಷ್ಟೇ ಬಂದವಳ ಹಾಗೆ ಓಡಿ ಹೋದೆ. "ಅರೇ ಕಲ್ಪನಾಬೆನ್! ಏನಾಯ್ತು?" ಅಂದೆ.

ಅವರು ಒಂದು ಗಳಿಗೆ ನನ್ನನ್ನು ನೋಡಿದರು. "ಬಂದ್ರಲ್ಲ, ಒಳ್ಳೇದಾಯ್ತು. ಆ ಕಡೆ ಹಿಡೀರಿ" ಅಂದರು, ಗುಜರಾತಿಯಲ್ಲಿ.

ಬಿದ್ದವಳ ಹೆಸರು ಸುನೀತಾ. ಒಡಿಶಾದವಳು. ಪಕ್ಕದ ಮಿಲ್ಲಿನಲ್ಲಿ ಸೀರೆ ಮಡಚುವ ಕೆಲಸ. ಬಲ ಮಣಿಕಟ್ಟು ಮುರಿದಿತ್ತು. ಡಾಕ್ಟರು ಪ್ಲಾಸ್ಟರ್ ಹಾಕಿ ಆರು ವಾರ ಕೈ ಅಲ್ಲಾಡಿಸಬಾರದು ಅಂದಾಗ ಆಕೆ ಕೇಳಿದ್ದು ಒಂದೇ ಮಾತು, ಹಿಂದಿಯಲ್ಲಿ: "ಹಾಗಾದ್ರೆ ಸೀರೆ ಯಾರು ಮಡಚ್ತಾರೆ?" ಯಾರು ಗುದ್ದಿದ್ದು ಅಂತ ಕೇಳಿದರೆ "ಮುಖ ಮುಚ್ಚಿದ್ದ ಯಾರೋ ಹೆಂಗಸು" ಅಂದಳು. ಊರಿನಲ್ಲಿ ಅಂಥವರು ಎಷ್ಟು ಮಂದಿ! ನಾನು ಆಕೆಗೆ ನೀರು ಕುಡಿಸಿದೆ. ಆಕೆ ನನಗೆ ಥ್ಯಾಂಕ್ಸ್ ಹೇಳಿದಳು.

ತಿಂಗಳ ಕೊನೆಯ ಭಾನುವಾರ ಬಂತು. ಕಲ್ಪನಾಬೆನ್ ತಾವಾಗಿಯೇ ಮೊಬೈಲ್ ಮುಂದೆ ಮಾಡಿದರು. ಒಂದು ಚಲನ್. ಸರ್ಕಲ್ಲಿನ ಕ್ಯಾಮೆರಾದ ಕೆಳಗೆ ರಾಂಗ್ ಸೈಡ್. ಫೋಟೋದಲ್ಲಿ ಹಳದಿ ದುಪಟ್ಟಾ ಸ್ಪಷ್ಟ. ಸೊಸೈಟಿಯ ಬಾಯಲ್ಲೆಲ್ಲ "ಓಹೋ ಹೋ!" ಭರತ್‌ಭಾಯಿ ಸೊನ್ನೆ ಅಳಿಸಿ ಒಂದು ಬರೆದರು. ಆಮೇಲೆ ನನ್ನ ಹೆಸರಿನ ಮುಂದೆ ದೊಡ್ಡದಾಗಿ ಸೊನ್ನೆ ಬರೆದು ಅದರ ಸುತ್ತ ಕೆಂಪು ಹೂವು ಬಿಡಿಸಿದರು. ಇಡೀ ಕಟ್ಟಡದಲ್ಲಿ ನನ್ನದೊಂದೇ ಸೊನ್ನೆ. ಚಪ್ಪಾಳೆ. ಕಲ್ಪನಾಬೆನ್ ಕೂಡ ತಟ್ಟಿದರು.

ಎರಡು ತಿಂಗಳಿನಿಂದ ಕಾಯುತ್ತಿದ್ದ ಜಾಗಕ್ಕೆ ಸ್ಕೂಟರ್ ತಂದು ನಿಲ್ಲಿಸಿದೆ. ಸೀಟು ತಣ್ಣಗಿತ್ತು. ನನಗೆ ಅಳು ಬಂತು.

ಮೂರನೇ ದಿನ ತಡೆಯಲಾಗದೆ ಅವರ ಬಾಗಿಲು ತಟ್ಟಿದೆ. "ಬೆನ್, ಅವತ್ತು ಸುನೀತಾಗೆ ಗುದ್ದಿದ್ದು..." ಅಷ್ಟೇ ಹೇಳಿದ್ದು.

"ಗೊತ್ತು. ಕನ್ನಡಿಯಲ್ಲಿ ನಿಮ್ಮ ಸ್ಕೂಟರ್ ನೋಡಿದೆ" ಅಂದರು. ಕೈಯಲ್ಲಿ ಲಟ್ಟಣಿಗೆ ಇತ್ತು, ಒಳಗೆ ತವಾ ಕಾದಿತ್ತು.

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂದ್ಕೊಂಡೆ."

ಅದರಲ್ಲಿ ವ್ಯಂಗ್ಯ ಹುಡುಕಿದೆ. ಚೂರಾದರೂ ಇದ್ದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಇರಲಿಲ್ಲ. ಈ ಹೆಂಗಸಿನ ಮೇಲೆ ಕಿಚ್ಚು ಪಡುವುದೂ ಕಷ್ಟ, ಪಡದೆ ಇರುವುದೂ ಕಷ್ಟ.

ಅವತ್ತು ಸಂಜೆಯೇ ಸುನೀತಾ ಇರುವ ವಠಾರಕ್ಕೆ ಹೋಗಿ ಹೇಳಿದೆ. ಆಕೆ ಬೈದಳು. "ನೀರು ಕುಡಿಸುವಾಗ ನಾಚಿಕೆ ಆಗಲಿಲ್ವಾ ದೀದಿ ನಿಮಗೆ?" ಅಂತ, ಅಕ್ಕಪಕ್ಕದ ಕೋಣೆಯವರೆಲ್ಲ ಬಂದು ನಿಲ್ಲುವ ಹಾಗೆ ಬೈದಳು. ಆಮೇಲೆ ಮಿಲ್ಲಿನವರ ಹತ್ತಿರ ಅವಳ ಕೆಲಸ ಉಳಿಸಿಕೊಡಿ ಅಂತ ಕೇಳಲು ನಾನೂ ಕಲ್ಪನಾಬೆನ್ ಅವರೂ ಒಟ್ಟಿಗೆ ಹೋದೆವು. ಮಿಲ್ಲಿನವರು ಇನ್ನೂ ಹೂಂ ಅಂದಿಲ್ಲ. ನಾವು ದಿನಾ ಹೋಗುವುದನ್ನು ಬಿಟ್ಟಿಲ್ಲ. ಈಗ ನಾನೂ ಸರ್ಕಲ್ಲಿನವರೆಗೆ ಹೋಗಿ ತಿರುಗುತ್ತೇನೆ. ಪಾಯಿಂಟಿನ ಹೆದರಿಕೆಯಿಂದಲ್ಲ. ಆ ಸಂದಿನ ಹತ್ತಿರ ಬಂದರೆ ಅನ್ನ ಚೆಲ್ಲಿದ ಡಬ್ಬಿಯೇ ಕಣ್ಣಿಗೆ ಕಟ್ಟುತ್ತದೆ.

ಪಾಯಿಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಬರಲಿ. ಕಂಬದ ಕೆಳಗಾದರೂ ಜನ ನಿಧಾನ ಹೋದರೆ ಅಷ್ಟು ಮಂದಿಯ ಕೈಕಾಲು ಉಳಿದೀತು. ಹೆಲ್ಮೆಟ್ ನನ್ನ ತಲೆಗೆ ಬಂದದ್ದೇ ಆ ಬೋರ್ಡಿನಿಂದ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಸೊನ್ನೆ ಇದ್ದವರೆಲ್ಲ ಒಳ್ಳೆಯ ಚಾಲಕರು ಅಂತ ಹೂವು ಬಿಡಿಸಬೇಡಿ, ದಮ್ಮಯ್ಯ. ಆ ಸೊನ್ನೆಯೊಳಗೆ ನನ್ನಂಥವರು ಎಷ್ಟು ಮಂದಿ ಕೂತಿದ್ದಾರೋ ಯಾರಿಗೆ ಗೊತ್ತು?

ನಿನ್ನೆ ಭರತ್‌ಭಾಯಿಯವರ ಮುಂದೆ ನಿಂತು ಎಲ್ಲ ಹೇಳಿದೆ. ಕಲ್ಪನಾಬೆನ್ ಅವರ ಪಾಯಿಂಟ್ ಅಳಿಸಿ, ನನಗೆ ಬರೆಯಿರಿ ಅಂದೆ. ಅವರು ಕನ್ನಡಕ ಮೇಲೆತ್ತಿ ಕೇಳಿದರು, "ಚಲನ್ ಎಲ್ಲಿ?"

"ಚಲನ್ ಬಂದಿಲ್ಲ. ಅಲ್ಲಿ ಕ್ಯಾಮೆರಾ ಇರಲಿಲ್ಲ."

"ಚಲನ್ ಇಲ್ಲದೆ ಪಾಯಿಂಟ್ ಹಾಕೋದು ಹೇಗೆ ಬೆನ್? ನಿಯಮ್ ಎಟಲೇ ನಿಯಮ್" ಅಂದರು. ನಿಯಮ ಅಂದರೆ ನಿಯಮವಂತೆ. ಬೋರ್ಡಿನಲ್ಲಿ ನನ್ನ ಸೊನ್ನೆ ಹೂವಿನ ನಡುವೆ ಹಾಗೆಯೇ ಇದೆ, ಕಲ್ಪನಾಬೆನ್ ಅವರ ಒಂದೂ ಹಾಗೆಯೇ ಇದೆ.

ಕಲ್ಪನಾಬೆನ್ ಅವರ ಹೂವಿಗೆ, ಖಾಂಡ್ವಿಗೆ, ವಯಸ್ಸಿಗೆ ಕಿಚ್ಚು ಪಟ್ಟಿದ್ದೆ. ಈಗ ಲಿಫ್ಟಿಗೆ ಕಾಯುವಾಗಲೆಲ್ಲ ಆ ಒಂದು ಪಾಯಿಂಟನ್ನೇ ನೋಡುತ್ತಾ ಹೊಟ್ಟೆ ಉರಿದುಕೊಳ್ಳುತ್ತೇನೆ: ಅಂಥದ್ದೊಂದು ನನ್ನ ಹೆಸರಿನ ಮುಂದೆ ಯಾವತ್ತಾದರೂ ಬಂದೀತಾ?