ಪರೀಕ್ಷೆಗೆ ಮೊದಲೇ ಏರಿದ ಬೋರ್ಡು

ಸೊಸೆಯ ಫಾರ್ಮಸಿ ಡಿಪ್ಲೊಮಾ ಮುಗಿದದ್ದೇ ತಡ, ನಾನು ಪಿರಿಯಾಪಟ್ಟಣದಲ್ಲಿ ಒಂದು ಮಳಿಗೆ ಹಿಡಿದುಬಿಟ್ಟೆ. ನಾನು ಕಂಡ ಕಾಲದಲ್ಲಿ ಓದು ಮುಗಿದರೆ ಮುಗಿಯಿತು, ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ಬರೆಸಿ ಮೆಡಿಕಲ್ ಸ್ಟೋರ್ ಬಾಗಿಲು ತೆಗೆಯುವುದಷ್ಟೇ. ಈಗ ಹಾಗಲ್ಲ, ಡಿಪ್ಲೊಮಾ ಆದಮೇಲೂ ಒಂದು ಪರೀಕ್ಷೆ ಉಂಟು, ಅದರ ಮೂರೂ ಪತ್ರಿಕೆ ಒಟ್ಟಿಗೇ ಪಾಸಾದರೆ ಮಾತ್ರ ನೋಂದಣಿ, ಒಂದರಲ್ಲಿ ಹೋದರೂ ಮೂರನ್ನೂ ಮತ್ತೆ ಬರೆಯಬೇಕು ಎಂದು ಅವಳು ಬಿಡಿಸಿ ಹೇಳಿದ್ದಳು.

"ಮಾವ, ಅದೊಂದ್ ಮುಗೀಲಿ, ಆಮೇಲೆ ಬೋರ್ಡು ಹಾಕ್ಸೀರಂತೆ."

"ಓದಿರೋಳ್ಗೆ ಇನ್ನೆಂಥ ಪರೀಕ್ಷೆ, ಬುಡವ್ವ" ಎಂದೆ.

ಒಳ್ಳೆಯ ದಿನ ತಪ್ಪೀತೆಂದು ಜಂಗಮಯ್ಯನವರನ್ನು ಕರೆಸಿ, ಖಾಲಿ ರ‍್ಯಾಕುಗಳಿಗೇ ವಿಭೂತಿ ಹಚ್ಚಿಸಿ ಪೂಜೆ ಮಾಡಿಸಿದೆ. ಬಾಗಿಲ ಮೇಲೆ ಅವಳ ಹೆಸರು, ಕೆಳಗೆ ಕೆಂಪಕ್ಷರದಲ್ಲಿ 'ಫಾರ್ಮಸಿಸ್ಟ್'. ಹುಣಸೂರು, ಎಚ್.ಡಿ. ಕೋಟೆ ಕಡೆಯ ನೆಂಟರೆಲ್ಲ ಬಂದು ಉಂಡು, ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು.

ಆಮೇಲೆ ಅವಳು ಪರೀಕ್ಷೆ ಬರೆದಳು, ಫಲಿತಾಂಶವೂ ಬಂತು. ಒಂದು ಪತ್ರಿಕೆಯಲ್ಲಿ ಹೋಗಿತ್ತು.

ವಿಷಯ ತಿಳಿದು ಭಾವಮೈದ ಮನೆಗೆ ಬಂದ. "ಅಯ್ಯೋ ಭಾವ, ಅದ್ಕ್ಯಾಕೆ ಇಂಗ್ ಕುಂತಿದ್ದೀಯ? ನೋಂದಣಿ ಆಗಿರೋರ್ದು ಸರ್ಟಿಫಿಕೇಟು ಬಾಡ್ಗೆಗೆ ಸಿಕ್ತದೆ. ತಂದು ಗೋಡೆಗೆ ತಗಲಾಕು. ಹುಡ್ಗಿ ಕೂತ್ಕಳ್ಲಿ, ಯಾರ್ ಕೇಳ್ತಾರೆ?"

ನಾನು ಬೇಡವೆನ್ನಲಿಲ್ಲ. "ವಿಚಾರ್ಸಿ ನೋಡು" ಎಂದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದಳು.

"ಮಾವ, ನಾನು ಮಾತ್ರೆ ತಪ್ಪಿ ಕೊಟ್ಟು ಯಾರ್ಗಾದ್ರೂ ಏನಾದ್ರೂ ಆದ್ರೆ, ಆ ಸರ್ಟಿಫಿಕೇಟ್ನೋರು ಬಂದು ನಿಂತ್ಕತಾರಾ?"

ಅವಳ ಕಣ್ಣು ಊದಿಕೊಂಡಿತ್ತು. ಮಾವನೆಂಬ ಮರ್ಯಾದೆಗೆ ದನಿ ಮಾತ್ರ ಏರಿಸಲಿಲ್ಲ. ಏರಿಸಿದ್ದರೆ ನನಗಷ್ಟು ಚುಚ್ಚುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಏಣಿ ಹಾಕಿ ಬೋರ್ಡು ಬಿಚ್ಚತೊಡಗಿದೆ. ಎದುರಿನ ಟೀ ಅಂಗಡಿಯವನು ಬಿಡುತ್ತಾನೆಯೇ?

"ಯಾಕಣ್ಣೋ, ಮೊನ್ನೆ ಏರಿಸ್ದೆ, ಇವತ್ತು ಇಳಿಸ್ತಾ ಇದ್ದೀಯ! ಚಪ್ಪರದ್ ಬಾಳೆಕಂಬ ಆಯ್ತಲ್ಲ ನಿನ್ ಬೋರ್ಡು!"

"ಬಣ್ಣ ಸರೀಗ್ ಹೊಡ್ದಿಲ್ಲ ಕಣ್ಲಾ" ಎಂದೆ, ಅವನ ಕಡೆ ತಿರುಗದೆ.

ಕೆಳಗೆ ಏಣಿ ಹಿಡಿದಿದ್ದವಳು ಸೊಸೆ. "ಬಣ್ಣ ಚೆನ್ನಾಗೇ ಐತೆ ಅಣ್ಣ" ಎಂದಳು, ಬೀದಿಗೆಲ್ಲ ಕೇಳುವಂತೆ. "ನಾನು ಪರೀಕ್ಷೇಲಿ ಫೇಲಾಗಿವ್ನಿ. ಇನ್ನೊಂದ್ ಸಲ ಬರೀತೀನಿ."

ಟೀ ಅಂಗಡಿಯವನು ಲೋಟ ತೊಳೆಯತೊಡಗಿದ. ಕೊನೆಯ ಮೊಳೆ ಕಿತ್ತು ಬೋರ್ಡು ಕೈಗೆ ಬಂತು. "ಕೊಡಿ ಮಾವ" ಎಂದು ಅವಳು ಕೈ ಚಾಚಿದಳು. ಅವಳ ಮುಖ ನೋಡಬೇಕಾಗುತ್ತದೆಂದು ನಾನು ಅದನ್ನು ಅವುಚಿಕೊಂಡು ಏಣಿಯ ಮೇಲೆಯೇ ನಿಂತುಬಿಟ್ಟೆ.