ಹೆಂಚಿಗೆ ಅಂಟಿದ ಬೆರಳು

ಮಲಿಂಚೆ ಬೆಟ್ಟದ ಮೇಲೆ ಬೆಳಕು ಮೂಡುವ ಮೊದಲೇ ಎಫಿಗೇನಿಯಾ ಸುಣ್ಣದ ನೀರಲ್ಲಿ ನೆನೆದ ಮೆಕ್ಕೆಜೋಳ ತೊಳೆದು, ಸಿಪ್ಪೆ ಉಜ್ಜಿ, ಬಕೆಟ್ ಹೊತ್ತು ಗಿರಣಿಗೆ ಹೋಗಿ ಬಂದಿರುತ್ತಿದ್ದಳು. ಕೋಳಿಗೆ ಕಾಳು, ಬೀನ್ಸ್‌ಗೆ ಉರಿ, ಗಂಡ ಸಿರಿಲೊನ ಅಂಗಿಗೆ ಇಸ್ತ್ರಿ, ಅವನ ಇನ್ಸುಲಿನ್ ಸೂಜಿ. ಆಮೇಲೆ ಮಣ್ಣಿನ ಹೆಂಚು. ಸಕ್ಕರೆ ಕಾಯಿಲೆ ಇಬ್ಬರಿಗೂ ಇತ್ತು, ಕುರ್ಚಿ ಅವನೊಬ್ಬನಿಗೇ.

ಆ ಮನೆಯಲ್ಲಿ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಬೇಕು. ಹೊಸದರಲ್ಲಿ ಇಕ್ಕಳ ಹಿಡಿದಿದ್ದಕ್ಕೆ ಅತ್ತೆ ಅವಳನ್ನು ‘ಪಟ್ಟಣದ ದೊರೆಸಾನಿ’ ಎಂದು ಸಾಯುವವರೆಗೂ ಆಡಿಕೊಂಡಿದ್ದಳು.

ಎರಡು ವರ್ಷ ಬೆರಳುಗಳು ಮೆಣಸಿನಕಾಯಿ ಅರೆದಂತೆ ಉರಿದವು. ಕ್ಲಿನಿಕ್ಕಿನ ಡಾಕ್ಟರಮ್ಮ ಕ್ಯಾಪ್ಸೂಲ್ ಕೊಟ್ಟಿದ್ದಳು. “ಸಕ್ಕರೆಯಿಂದ ನರಕ್ಕೆ ತುಕ್ಕು ಹಿಡಿದ ಹಾಗಾಗಿದೆ. ಇದು ಅದನ್ನ ತಡೆಯೋ ಆಂಟಿಆಕ್ಸಿಡೆಂಟು. ಹಸಿದ ಹೊಟ್ಟೇಲಿ ನುಂಗಿ. ಉರಿ ನಿಂತ್ರೂ ಬಂದು ತೋರಿಸ್ಬೇಕು, ತಿಳೀತಾ?”

ಆರನೇ ವಾರ ಉರಿ ನಿಂತಿತು. ವಾಸಿಯಾಯಿತೆಂದುಕೊಂಡಳು. ತೋರಿಸಲು ಹೋದರೆ ರೊಟ್ಟಿ ಯಾರು ಸುಡಬೇಕು? ಉಳಿದ ಕ್ಯಾಪ್ಸೂಲ್‌ಗಳನ್ನು, ಪಾದ ಉರಿಯೆಂದು ನರಳುವ ಸಿರಿಲೊನ ಕಾಫಿ ಲೋಟದ ಪಕ್ಕ ಇಟ್ಟಳು.

ಆ ಬೆಳಿಗ್ಗೆ ಸೊಸೆ ನೊಎಮಿ ಮೂಗರಳಿಸುತ್ತ ಒಳಬಂದಳು.

“ಏನತ್ತೆ, ಹಂದಿ ಚರ್ಮ ಹುರೀತಿದೀರಾ? ಯಾರ ಮದ್ವೆ?”

“ಹಂದಿ ಎಲ್ಲಿಂದ ಬರ್ಬೇಕೇ? ಬೀನ್ಸೇ ಗತಿ.”

“ಅತ್ತೆ! ಬೆರಳು! ಅಯ್ಯೋ, ಬೆರಳು ತೆಗೀರಿ!”

ಎಫಿಗೇನಿಯಾ ತಗ್ಗಿ ನೋಡಿದಳು. ಅವಳವೇ ಎರಡು ಬೆರಳು, ಹೆಂಚಿನ ಅಂಚಿಗೆ ಒತ್ತಿಕೊಂಡಿದ್ದವು. ಎತ್ತಿದಾಗ ಚರ್ಮ ಹೆಂಚಿನಲ್ಲೇ ಉಳಿಯಿತು. ನೋವಿಲ್ಲ. ಚುರುಕೂ ಇಲ್ಲ. ಯಾರದೋ ಬೆರಳನ್ನು ನೋಡಿದಂತೆ ನೋಡುತ್ತ ನಿಂತಳು. ಹಾಗಾದರೆ ಉರಿ ವಾಸಿಯಾಗಿದ್ದಲ್ಲ. ಉರಿಯನ್ನು ಹೇಳುವ ನರವೇ ಸತ್ತಿತ್ತು.

ನೊಎಮಿ ಆ ಕೈಯನ್ನು ಬಕೆಟ್ಟಿನ ತಣ್ಣೀರಿಗೆ ಅದ್ದಿದಳು. ಅಂಗಳದಿಂದ ಸಿರಿಲೊ ಕೂಗಿದ: “ಏನ್ ಗಲಾಟೆ ಅದು? ಅವಳ ಕೈ ಕಬ್ಬಿಣ, ಏನೂ ಆಗಲ್ಲ. ರೊಟ್ಟಿ ತಗೊಂಬಾ!”

“ಕಬ್ಬಿಣವಾದ್ರೆ ನೀವೇ ಬಂದು ಮುಟ್ಟಿ ನೋಡಿ, ಮಾವ!” ಎಂದು ರೇಗಿ, ನೊಎಮಿ ಪಕ್ಕದ ಮನೆಯ ಗಾಡಿ ತರಲು ಓಡಿದಳು.

ಎಫಿಗೇನಿಯಾ ಒಬ್ಬಳೇ ಉಳಿದಳು. ಅರ್ಧ ಬಟ್ಟಲು ಹಿಟ್ಟು ಕಾಯುತ್ತಿತ್ತು. ಎಡಗೈ ತನ್ನಷ್ಟಕ್ಕೆ ಅದರತ್ತ ಹೋಯಿತು. ತಡೆದಳು. ಕಾಫಿ ಲೋಟದ ಪಕ್ಕದ ಕ್ಯಾಪ್ಸೂಲ್ ಡಬ್ಬಿ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಕಾದ ಮಣ್ಣಿನ ಹೆಂಚಿಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ತೀರಿಹೋದ ಅತ್ತೆಯ ಹೆಂಚು.

ಬಕೆಟ್ ಎತ್ತಿ ಸುರಿದಳು.